ಹಲೋ ಒಂದನ್ನು ಬಿಟ್ಟು

ಹೊಸ ಮೊಬೈಲ್ ಕೊಂಡವನನ್ನು ನಮ್ಮ ಕಡೆ ಮೊದಲು ಕೇಳುತ್ತಿದ್ದದ್ದು ‘ಎಷ್ಟಾಯ್ತು?’ ಅಂತ. ಅದರ ಹಿಂದೆಯೇ ‘ಟಾರ್ಚ್ ಇದೆಯಾ?’ ಬರುತ್ತಿತ್ತು. ಈ ಎರಡನೆಯ ಪ್ರಶ್ನೆಗೆ ಘಟಾನುಘಟಿ ಫೋನುಗಳೆಲ್ಲ ತಲೆತಗ್ಗಿಸಿಬಿಡುತ್ತಿದ್ದವು. 2003ರಲ್ಲಿ ನೋಕಿಯಾದವರು ಹೊರತಂದ ಎರಡು ಫೋನುಗಳನ್ನೇ ನೋಡಿ. ಒಂದು 1100: ಬಣ್ಣವಿಲ್ಲದ ಪರದೆ, ನೆತ್ತಿಯ ಮೇಲೆ ಟಾರ್ಚು, ಧೂಳು ಒಳಗೆ ಇಳಿಯದ ಹಾಗೆ ಒಂದೇ ಹಾಳೆಯಾಗಿ ಹಾಸಿದ ಕೀಪ್ಯಾಡು. ಇನ್ನೊಂದು 6600: ಬಣ್ಣದ ಪರದೆ, ಕ್ಯಾಮೆರಾ, ಬ್ಲೂಟೂತ್, ಬೇಕೆಂದಾಗ ಹೊಸ ಸಾಫ್ಟ್‌ವೇರ್ ತುಂಬಿಕೊಳ್ಳಬಲ್ಲ ಸಿಂಬಿಯನ್. ಟಾರ್ಚು ಮಾತ್ರ ಇಲ್ಲ. ಕ್ಯಾಮೆರಾಕ್ಕೆ ಫ್ಲ್ಯಾಷೂ ಇಲ್ಲ. ರಾತ್ರಿ ಆರತಕ್ಷತೆಯಲ್ಲಿ ತೆಗೆದ ಫೋಟೊದಲ್ಲಿ ಗಂಡು ಯಾರು, ಹೆಣ್ಣು ಯಾರು ಎಂದು ತೆಗೆದವನೇ ಬೆರಳಿಟ್ಟು ತೋರಿಸಬೇಕು. ಟಾರ್ಚಿದ್ದ ಆ 1100 ಜಗತ್ತಿನಾದ್ಯಂತ 25 ಕೋಟಿ ಖರ್ಚಾಯಿತಂತೆ. ಜನಕ್ಕೆ ಏನು ಬೇಕು ಎನ್ನುವುದು ಅಲ್ಲಿಗೇ ತೀರ್ಮಾನವಾಗಿತ್ತು. ಆದರೂ ನಮ್ಮಂಥ ಕೆಲವರು ಕತ್ತಲಲ್ಲಿ ಎಡವಿಕೊಂಡೇ ಸ್ಮಾರ್ಟ್‌ಫೋನಿನ ಕಡೆ ನಡೆದೆವು.

6600 ಇದ್ದವರನ್ನು ಅಂಗಿ ಜೇಬು ನೋಡಿಯೇ ಗುರುತಿಸಬಹುದಿತ್ತು. ಎಡಭುಜ ಕೊಂಚ ಕೆಳಗೆ, ನಡಿಗೆಯಲ್ಲಿ ಒಂದು ಗಾಂಭೀರ್ಯ. ಹಾಗೆ ಗಾಂಭೀರ್ಯದಿಂದ ನಡೆಯುತ್ತಿದ್ದವರಿಗೆ 2004ರಲ್ಲಿ ಒಂದು ಕಾಟ ಶುರುವಾಯಿತು. ಕ್ಯಾಬಿರ್ ಎಂಬ ವೈರಸ್ಸು. ಅದು ಬ್ಲೂಟೂತಿನ ಮೂಲಕ ಹತ್ತಿರದ ಫೋನಿನಿಂದ ಬಂದು, ‘ಒಳಗೆ ಬರಲೇ?’ ಎಂದು ಕೇಳುತ್ತಿತ್ತು. ಇದರ ಸಭ್ಯತೆಯನ್ನು ಮೆಚ್ಚಬೇಕು, ಹೇಳದೆ ಕೇಳದೆ ನುಗ್ಗುವ ಜಾತಿಯಲ್ಲ. ಬೇಡ ಎಂದು ಒತ್ತಿದರೆ ಮತ್ತೆ ಕೇಳುತ್ತಿತ್ತು. ಮತ್ತೆ ಬೇಡ ಎಂದರೆ ಮತ್ತೆ. ವಿಮೆ ಮಾಡಿಸಿಕೊಳ್ಳಿ ಎನ್ನುವ ಪರಿಚಯಸ್ಥರ ಹಾಗೆ. ಪಾರಾಗಲು ಇದ್ದದ್ದು ಎರಡೇ ದಾರಿ: ಹೂಂ ಅನ್ನುವುದು, ಇಲ್ಲವೇ ಎದ್ದು ದೂರ ಹೋಗುವುದು. ತುಂಬಿದ ಬಸ್ಸಿನಲ್ಲಿ ಸೀಟು ಬಿಟ್ಟು ಏಳುವವರುಂಟೇ? ಹೂಂ ಅಂದರು. ಒಳಗೆ ಬಂದ ವೈರಸ್ಸು ಕದ್ದದ್ದೇನೂ ಇಲ್ಲ, ಕೆಡಿಸಿದ್ದೂ ಇಲ್ಲ. ಮುಂದಿನ ಗಿರಾಕಿಯನ್ನು ಹುಡುಕುತ್ತ ಹುಡುಕುತ್ತ ಬ್ಯಾಟರಿಯನ್ನು ಖಾಲಿ ಮಾಡುತ್ತಿತ್ತು, ಅಷ್ಟೆ.

ಬ್ಯಾಟರಿ ಖಾಲಿಯಾದರೆ ಪಿನ್ನಿನ ಪ್ರಶ್ನೆ. ಮೊದಲೆಲ್ಲ ನೋಕಿಯಾ ಚಾರ್ಜರ್ ಅಂದರೆ ದಪ್ಪ ಪಿನ್ನು, ಯಾವ ಮನೆಗೆ ಹೋದರೂ ಸಿಗುತ್ತಿತ್ತು. ಆಮೇಲೆ ಬಂದ ಎನ್73, ಎನ್95ಗಳಿಗೆ ಸಣ್ಣ ಪಿನ್ನು. ಮದುವೆ ಛತ್ರಗಳಲ್ಲಿ ‘ಸಣ್ಣ ಪಿನ್ ಯಾರ ಹತ್ರ ಇದೆ?’ ಎಂದು ಕೂಗಿಕೊಂಡು ಓಡಾಡುವ ಒಂದು ವರ್ಗವೇ ಹುಟ್ಟಿಕೊಂಡಿತು. ದಪ್ಪ ಪಿನ್ನಿನವರು ಅವರನ್ನು ಕನಿಕರದಿಂದ ನೋಡುತ್ತ ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದರು.

ನನ್ನ ಪಾಲಿಗೆ ಬಂದದ್ದು ಕಡ್ಡಿ ಫೋನು, ಅಂದರೆ ಪರದೆಯನ್ನು ಸ್ಟೈಲಸ್ ಎಂಬ ಕಡ್ಡಿಯಿಂದ ಒತ್ತುವಂಥದ್ದು. ಕಂಪನಿಯ ಹೆಸರು ಬೇಡ. ಚಾಲೂ ಮಾಡಿದ ಕೂಡಲೇ ಅದು ನನಗೇ ಪರೀಕ್ಷೆ ಇಟ್ಟಿತು. ಪರದೆಯ ನಡುವೆ ಒಂದು ಪ್ಲಸ್ ಗುರುತು ಮೂಡುತ್ತದೆ, ಅದರ ನಟ್ಟನಡುವಿಗೆ ಕಡ್ಡಿಯ ತುದಿಯನ್ನು ಒತ್ತಿ ಹಿಡಿಯಬೇಕು. ಒತ್ತಿದರೆ ಗುರುತು ಮೂಲೆಗೆ ಜಿಗಿಯುತ್ತದೆ, ಅಲ್ಲೂ ಒತ್ತಬೇಕು. ಆ ಕಾಲದ ಪರದೆ ಎರಡು ಪದರದ್ದು. ಮೇಲಿನ ಪದರ ಬಾಗಿ ಕೆಳಗಿನದಕ್ಕೆ ತಾಗಿದರೆ, ತಾಗಿದ ಜಾಗ ಯಾವುದೆಂದು ಕರೆಂಟಿನ ಲೆಕ್ಕದಿಂದ ಫೋನಿಗೆ ತಿಳಿಯುತ್ತದೆ. ಲೆಕ್ಕ ಆಗಾಗ ಜರುಗುವುದರಿಂದ ಮತ್ತೆ ಮತ್ತೆ ಪರೀಕ್ಷೆ. ಒಮ್ಮೆ ಮೈಸೂರು ಬಸ್ಸಿನಲ್ಲಿ ಈ ಪರೀಕ್ಷೆ ಎದುರಾಯಿತು. ಮದ್ದೂರಿನ ಹತ್ತಿರದ ರೋಡ್ ಹಂಪುಗಳ ಮೇಲೆ ಪ್ಲಸ್ಸಿನ ನಡುವನ್ನು ಹಿಡಿಯುವುದು ಅರ್ಜುನನಿಗೂ ಆಗದ ಕೆಲಸ. ಅಂದಿನಿಂದ ಫೋನಿನ ಲೆಕ್ಕವೆಲ್ಲ ಬಲಕ್ಕೆ ವಾಲಿತು. ಸರಿಪಡಿಸಲು ಸೆಟ್ಟಿಂಗ್ಸ್‌ಗೆ ಹೋಗಬೇಕು. ಸೆಟ್ಟಿಂಗ್ಸ್ ಒತ್ತಿದರೆ ಪಕ್ಕದ ಕ್ಯಾಲ್ಕ್ಯುಲೇಟರ್ ತೆರೆಯುತ್ತದೆ. ಕೊನೆಗೆ ಬೇಕಾದ್ದನ್ನು ಒತ್ತದೆ, ಅದರ ಎಡಕ್ಕೆ ಅರ್ಧ ಬೆರಳು ಬಿಟ್ಟು ಗಾಳಿಯಲ್ಲಿ ಗುಂಡು ಹೊಡೆದಂತೆ ಒತ್ತುವುದನ್ನು ಅಭ್ಯಾಸ ಮಾಡಿಕೊಂಡೆ. ಚೆನ್ನಾಗಿಯೇ ಕೈ ಕೂತಿತು.

ಫೋನು ನನ್ನದಾದರೂ ಕಡ್ಡಿ ಮನೆಮಂದಿಗೆಲ್ಲ ಸೇರಿದ್ದು. ಹಬ್ಬದೂಟ ಮುಗಿಸಿ ಜಗಲಿಯಲ್ಲಿ ಕೂತ ನಮ್ಮ ಮಾವನವರು, ‘ಅಳಿಯಂದಿರೇ, ಅಡಿಕೆ ಚೂರು ಸಿಕ್ಕಿಕೊಂಡುಬಿಟ್ಟಿದೆ. ಆ ಕಡ್ಡಿ ಸ್ವಲ್ಪ ಕೊಡಿ’ ಎಂದರು.

‘ಮಾವ, ಅದು ಫೋನಿಂದು...’

‘ಗೊತ್ತು. ತೊಳೆದೇ ಕೊಡ್ತೀನಿ.’

ಕೆಲಸ ಮುಗಿದ ಮೇಲೆ ಅವರು ಅದನ್ನು ಅತ್ತಿತ್ತ ತಿರುಗಿಸಿ ನೋಡಿ, ‘ಫೋನ್ ಹೆಂಗೋ ಏನೋ, ಕಡ್ಡಿ ಫಸ್ಟ್ ಕ್ಲಾಸ್ ಆಗಿದೆ’ ಎಂದರು. ಆ ಫೋನಿನ ಬಗ್ಗೆ ನಾನು ಕೇಳಿದ ಅಭಿಪ್ರಾಯಗಳಲ್ಲಿ ಪ್ರಾಮಾಣಿಕವಾದದ್ದು ಇದೇ.

ಈ ಜಾತಿಯ ಯಂತ್ರಗಳಿಗೆಲ್ಲ ಹಿರಿಯಣ್ಣನಂತಿದ್ದ ಪಾಕೆಟ್ ಪಿಸಿಗಳಲ್ಲಿ ಇನ್ನೊಂದು ವಿಶೇಷವಿತ್ತು. ಬರೆದಿಟ್ಟದ್ದೆಲ್ಲ ಕರೆಂಟು ಇರುವವರೆಗಷ್ಟೇ ನಿಲ್ಲುವ ಮೆಮರಿಯಲ್ಲಿ ಕೂತಿರುತ್ತಿತ್ತು. ಬ್ಯಾಟರಿ ಪೂರ್ತಿ ಸತ್ತರೆ ನಂಬರು, ಟಿಪ್ಪಣಿ, ನೆಂಟರು, ಇಷ್ಟರು ಎಲ್ಲರೂ ಒಟ್ಟಿಗೆ ನಿರ್ನಾಮ. 2005ರಲ್ಲಿ ವಿಂಡೋಸ್ ಮೊಬೈಲ್ 5 ಬಂದಮೇಲೆ ಇದು ಸರಿಹೋಯಿತು. ಅಲ್ಲಿಯತನಕ ಬುದ್ಧಿವಂತರು ಪೌಚಿನಲ್ಲಿ ಫೋನಿನ ಜತೆಗೆ ಒಂದು ಪುಟ್ಟ ಡೈರಿಯನ್ನೂ ಇಟ್ಟುಕೊಂಡಿರುತ್ತಿದ್ದರು. ನಂಬರುಗಳೆಲ್ಲ ಡೈರಿಯಲ್ಲಿ. ಫೋನಿನಲ್ಲಿ ಇಸ್ಪೀಟು.

ಇಷ್ಟೆಲ್ಲ ಸಹಿಸಬಹುದು. ನನ್ನ ತಕರಾರು ಒಂದೇ. ಇವಕ್ಕೆ ಬಾರದ ವಿದ್ಯೆಯಿಲ್ಲ, ಆದರೆ ಯಾರಾದರೂ ಫೋನ್ ಮಾಡಿದರೆ ಗಾಬರಿಯಾಗುತ್ತಿದ್ದವು. ನನ್ನದು ಮೊದಲು ರಿಂಗಾಗುತ್ತಿತ್ತು. ಪರದೆ ಕಪ್ಪಗೇ ಇರುತ್ತಿತ್ತು. ಐದನೆಯ ರಿಂಗಿಗೆ ಬೆಳಕು ಬರುತ್ತಿತ್ತು, ಏಳನೆಯದಕ್ಕೆ ಹೆಸರು. ‘ಉತ್ತರಿಸು’ ಎಂಬ ಗುಂಡಿ ಮೂಡಿ, ನಾನು ಕಡ್ಡಿ ಹಿರಿದು, ಅದರ ಎಡಕ್ಕೆ ಅರ್ಧ ಬೆರಳು ಬಿಟ್ಟು ಒತ್ತುವ ಹೊತ್ತಿಗೆ ಅತ್ತ ಕಡೆಯವರು ಬೇಸತ್ತು ಇಟ್ಟಿರುತ್ತಿದ್ದರು. ನಾನು ಸಾಲ ಮಾಡಿಕೊಂಡು ತಲೆ ತಪ್ಪಿಸಿಕೊಳ್ಳುತ್ತಿದ್ದೇನೆ ಎಂದು ಬಳಗದಲ್ಲಿ ಸುದ್ದಿ ಹಬ್ಬಿತು.

ಕಡ್ಡಿಯನ್ನು ಕಿತ್ತೊಗೆದದ್ದು ಐಫೋನು. ಬೆರಳು ತಾಗಿದರೆ ಸಾಕು, ಒತ್ತುವುದೂ ಬೇಡ. ಪಾಠ ಹೇಳಿಸಿಕೊಳ್ಳದೆ ಮಕ್ಕಳೂ ಅಜ್ಜಿಯರೂ ಬಳಸಿದ ಮೊದಲ ಸ್ಮಾರ್ಟ್‌ಫೋನು ಅದೇ ಎನ್ನುವುದನ್ನು ನಾನು ಒಪ್ಪುತ್ತೇನೆ. ಒದ್ದೆ ಕೈಯಲ್ಲಿ ಮುಟ್ಟಿದರೆ ಮಾತ್ರ ಮುನಿಸು. 2008ರ ಆಗಸ್ಟ್ 22ರಂದು ಐಫೋನ್ 3ಜಿ ಭಾರತಕ್ಕೆ ಬಂತು, 8 ಜಿಬಿಯದಕ್ಕೆ 31,000 ರೂಪಾಯಿ. ಫೋನಿನ ಹೆಸರಿನಲ್ಲಿ 3ಜಿ ಇತ್ತು, ದೇಶದಲ್ಲಿ ಇರಲಿಲ್ಲ. ಸರ್ಕಾರಿ ಕಂಪನಿಗಳು ಆಮೇಲೆ ಶುರುಮಾಡಿದವು, ಖಾಸಗಿಯವರದು 2010ರ ಹರಾಜು ಮುಗಿದ ಮೇಲೆ. ಅದು ಹೋಗಲಿ. ಎರಡು ವಾರದೊಳಗೆ ಗಣೇಶನ ಹಬ್ಬ ಬಂತು. ಹಬ್ಬದ ದಿನ ಅಗ್ಗದ ಎಸ್ಸೆಮ್ಮೆಸ್ ಪ್ಯಾಕು ನಡೆಯುವುದಿಲ್ಲವೆಂದು ನಾಡೆಲ್ಲ ಹಿಂದಿನ ರಾತ್ರಿಯೇ ಶುಭಾಶಯಗಳನ್ನು ಫಾರ್ವರ್ಡ್ ಮಾಡುತ್ತ ಕೂತಿತ್ತು. ಆಗಿನ ಐಫೋನಿನಲ್ಲಿ ಫಾರ್ವರ್ಡ್ ಇಲ್ಲ, ಕಾಪಿ ಪೇಸ್ಟೂ ಇಲ್ಲ. ಅವೆಲ್ಲ ಬಂದದ್ದು 2009ರ ಜೂನಿನಲ್ಲಿ. 31,000 ಕೊಟ್ಟವರು ತಮಗೆ ಬಂದ ಸಂದೇಶವನ್ನು ನೋಡಿ ನೋಡಿ, ಬಾಯಿಪಾಠ ಮಾಡಿಕೊಂಡು, ಪುನಃ ಟೈಪಿಸಬೇಕು. ಸಾವಿರದ ಚಿಲ್ಲರೆಯ ಫೋನಿನವರು ಅಷ್ಟರಲ್ಲಿ ಬಳಗಕ್ಕೆಲ್ಲ ಮೋದಕ ಹಂಚಿ ಮಲಗಿಯಾಗಿತ್ತು.

ಕನ್ನಡದ ಪಾಡು ಇವೆಲ್ಲಕ್ಕಿಂತ ಹೆಚ್ಚಿನದು. ಆಂಡ್ರಾಯ್ಡಿನವರು 2012ರ 4.1ರಲ್ಲಿ ಕನ್ನಡದ ಅಕ್ಷರಗಳನ್ನು ಕೊಡುವವರೆಗೆ ಹೆಚ್ಚಿನ ಫೋನುಗಳಲ್ಲಿ ಕನ್ನಡವೆಂದರೆ ಸಾಲುಸಾಲು ಚೌಕಗಳು. ಅದಕ್ಕೊಂದು ಗುಟ್ಟಿನ ಮದ್ದಿತ್ತು. ಒಪೆರಾ ಮಿನಿ ಬ್ರೌಸರಿನ ವಿಳಾಸದ ಜಾಗದಲ್ಲಿ ‘ಒಪೆರಾ ಕೋಲನ್ ಕಾನ್ಫಿಗ್’ ಎಂದು ಟೈಪಿಸಿ, ತೆರೆದ ಪುಟದ ತಳದಲ್ಲಿರುವ ಒಂದು ‘ನೋ’ವನ್ನು ‘ಯೆಸ್’ ಮಾಡಿ ಸೇವ್ ಒತ್ತಿದರೆ, ಅಕ್ಷರಗಳು ಅವರ ಸರ್ವರಿನಲ್ಲೇ ಚಿತ್ರಗಳಾಗಿ ನಮ್ಮ ಫೋನಿಗೆ ಬರುತ್ತಿದ್ದವು. ಕನ್ನಡದ ಸಭೆಗಳಲ್ಲಿ ಭಾಷಣ ನಡೆಯುವಾಗ ಹಿಂದಿನ ಸಾಲಿನಲ್ಲಿ ಈ ಮಂತ್ರೋಪದೇಶ ಕಿವಿಯಿಂದ ಕಿವಿಗೆ ನಡೆಯುತ್ತಿತ್ತು. ನಿವೃತ್ತರಾಗಿದ್ದ ನಮ್ಮ ಕನ್ನಡ ಮೇಷ್ಟ್ರಿಗೆ ಮಗ ತನ್ನ ಹಳೇ ಫೋನು ಕೊಟ್ಟಿದ್ದ. ನಾನೇ ಪಕ್ಕದಲ್ಲಿ ಕೂತು ಹೇಳಿಕೊಟ್ಟೆ.

‘ಕೋಲನ್ ಹಾಕಿ ಸಾರ್. ಎರಡು ಚುಕ್ಕಿ.’

‘ಅಡ್ಡಕ್ಕೋ, ಉದ್ದಕ್ಕೋ?’

‘ಒಂದರ ಮೇಲೊಂದು.’

‘ಹಂಗೆ ಬಿಡಿಸಿ ಹೇಳು ಮತ್ತೆ.’

ಚೌಕಗಳು ಹೋಗಿ ಕನ್ನಡ ಮೂಡಿತು. ಮೇಷ್ಟ್ರು ಭೂತಗನ್ನಡಿ ತರಿಸಿ, ಪೇಪರಿನ ಮುಖಪುಟವನ್ನು ಜೋರಾಗಿ ಓದಿದರು, ಒಂದು ಒತ್ತಕ್ಷರ ಜಾರಿದ್ದನ್ನು ಹಿಡಿದು ಬೈದರು. ಅದಾದ ಮೇಲೆ ಅವರಿಗೆ ಯಾವಾಗ ಫೋನ್ ಮಾಡಿದರೂ ಕಟ್ ಮಾಡತೊಡಗಿದರು. ನನಗೆ ಕಾರಣ ಗೊತ್ತಿತ್ತು. ಆಗೆಲ್ಲ ಕರೆ ಬಂದರೆ ಇಂಟರ್ನೆಟ್ಟು ನಿಲ್ಲುತ್ತಿತ್ತು. ಅರ್ಧ ಬಂದ ಪುಟ ಅರ್ಧಕ್ಕೇ ನಿಲ್ಲುತ್ತಿತ್ತು. ಆದರೂ ತಡೆಯಲಾರದೆ ಒಂದು ಸಂಜೆ ಮನೆಗೇ ಹೋಗಿ, ‘ಏನ್ ಸಾರ್, ಫೋನೇ ಎತ್ತಲ್ಲ?’ ಎಂದೆ.

ಅವರು ಭೂತಗನ್ನಡಿಯಿಂದ ಕಣ್ಣೆತ್ತದೆ ಹೇಳಿದರು: ‘ಪೇಪರ್ ಓದೋ ಹೊತ್ತಲ್ಲಿ ಅದಕ್ಕೆಲ್ಲ ಯಾಕಯ್ಯಾ ಫೋನ್ ಮಾಡ್ತೀಯಾ? ಮನೆ ಫೋನಿದೆಯಲ್ಲ, ಅದಕ್ಕೆ ಮಾಡು.’