ಡಿಸ್ಕೌಂಟಪ್ಪನವರ ಕೇರಂ ಬೋರ್ಡು

ಆಟದ ಸಾಮಾನಿನ ಅಂಗಡಿಯೊಂದರ ಮುಂದೆ ‘ಸ್ಟಾಕ್ ಕ್ಲಿಯರೆನ್ಸ್ ಸೇಲ್’ ಎಂಬ ಕೆಂಪಕ್ಷರದ ಬ್ಯಾನರು ತೂಗುಬಿದ್ದರೆ ಮೊದಲು ಓಡಿ ಬರುವವರು ಮಕ್ಕಳು ಎಂದುಕೊಂಡವರಿಗೆ ರಾಯಚೂರು ಜಿಲ್ಲೆ ಗೊತ್ತಿಲ್ಲ. ಮೊದಲು ಬರುವವರು ಡಿಸ್ಕೌಂಟಪ್ಪನವರು. ಇದು ಹೆತ್ತವರು ಇಟ್ಟ ಹೆಸರಲ್ಲ. ಆದರೂ ಕಲ್ಲೂರು, ಮಾನ್ವಿ, ದೇವದುರ್ಗ, ಯಾವ ಊರಿಗೆ ಹೋಗಿ ಈ ಹೆಸರು ಹೇಳಿದರೂ ಕಟ್ಟೆಯ ಮೇಲೆ ಕೂತವರು ತಡವರಿಸದೆ ಒಂದು ಮನೆಯ ಕಡೆ ಕೈ ತೋರಿಸುತ್ತಾರೆ. ವಯಸ್ಸು ಐವತ್ತರ ಆಚೆ. ನೌಕರಿ ಮುಗಿದಿರುತ್ತದೆ ಅಥವಾ ಮುಗಿಯುತ್ತ ಬಂದಿರುತ್ತದೆ. ಹೆಗಲಿಗೆ ಖಾಲಿ ಚೀಲ, ಜೇಬಿನಲ್ಲಿ ಹಳೆಯ ರಸೀದಿ. ಮನೆಯ ಅಟ್ಟದ ಮೇಲೆ ಕೇರಂ ಬೋರ್ಡುಗಳು ಗೋಡೆಗೆ ಒರಗಿ ನಿಂತಿವೆ. ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಬಿಸಿನೆಸ್ ಆಟ, ಹಾವು-ಏಣಿ, ಲೂಡೊ, ಚದುರಂಗ, ಇಸ್ಪೀಟಿನ ಕಟ್ಟುಗಳು. ಊರವರು ಇವರನ್ನು ಜಿಪುಣ ಎನ್ನುತ್ತಾರೆ, ಮನೆಯವರು ಹುಚ್ಚು ಎನ್ನುತ್ತಾರೆ. ಎರಡೂ ತಪ್ಪು. ಡಿಸ್ಕೌಂಟಪ್ಪನವರು ಅಪ್ಪಟ ಆಟಗಾರರು. ಅವರು ಆಡುವ ಆಟ ಡಬ್ಬಿಯೊಳಗಿಲ್ಲ, ಅಂಗಡಿಯ ಕೌಂಟರಿನ ಮೇಲಿದೆ.

ಜಿಪುಣತನದ ಆರೋಪವನ್ನೇ ಮೊದಲು ನೋಡೋಣ. ನಿಜವಾದ ಜಿಪುಣನಿಗೆ ಆಟ ಆಡುವ ಮನಸ್ಸಾದರೆ ಅವನು ಅಂಗಡಿಗೇ ಹೋಗುವುದಿಲ್ಲ. ನಮ್ಮ ನಾಡಿನಲ್ಲಿ ಕೂತು ಆಡುವ ಆಟಗಳು ಬಹುಪಾಲು ಪುಕ್ಕಟೆಯವು. ಬಳಪದಿಂದ ಐದಕ್ಕೈದು ಮನೆ ಗೀಚಿ, ನಾಲ್ಕು ಕವಡೆ ತಂದು, ಬಳೆಚೂರನ್ನೋ ಹುಣಸೆಬೀಜವನ್ನೋ ಕಾಯಿ ಮಾಡಿಕೊಂಡರೆ ಚೌಕಾಬಾರ ಸಿದ್ಧ. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರಾ, ಅಂದರೆ ಎಂಟು. ಇದಕ್ಕೆ ಎಂಆರ್‌ಪಿ ಇಲ್ಲ, ಮೇಲೊಂದು ತೆರಿಗೆಯೂ ಇಲ್ಲ. ಹುಲಿಮನಿ ಆಟದ ಗೆರೆಗಳನ್ನು ಗುಡಿಯ ಕಟ್ಟೆಯ ಕಲ್ಲಿನ ಮೇಲೇ ಯಾರೋ ಹಿಂದೆ ಕೊರೆದಿಟ್ಟಿರುತ್ತಾರೆ. ತುಂಗಭದ್ರೆಯ ದಂಡೆಯಲ್ಲೇ ಇರುವ ಹಂಪಿಗೆ ಹೋದವರು ಕತ್ತು ಮೇಲೆತ್ತಿ ಗೋಪುರ ನೋಡುತ್ತಾರೆ. ಕೆಳಗೆ ನೋಡಿದರೆ ಅಲ್ಲಿಯ ಮಂಟಪಗಳ ಹಾಸುಗಲ್ಲಿನಲ್ಲೂ ಆಟದ ಮನೆಗಳು ಕಾಣುತ್ತವೆ. ಅವನ್ನು ಕೊರೆದವರು ಯಾವ ಸೇಲಿಗೂ ಕಾಯಲಿಲ್ಲ. ಹೀಗೆ ಬಿಡಿಗಾಸಿಲ್ಲದೆ ಆಡಬಹುದಾದ ಕಡೆ ದುಡ್ಡು ಕೊಟ್ಟು ಡಬ್ಬಿ ತರುವವರನ್ನು ಜಿಪುಣ ಎನ್ನುವುದು ಜಿಪುಣರಿಗೆ ಮಾಡುವ ಅವಮಾನ.

ಎರಡನೆಯ ಸಾಕ್ಷಿ ಅಂಗಡಿಯೊಳಗೇ ಸಿಗುತ್ತದೆ, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರಾಯಚೂರಿನ ತೀನ್ ಕಂದೀಲ್ ಸುತ್ತಿನ ಬಜಾರಿನಲ್ಲಿ ಸಂಜೆಯ ಹೊತ್ತು, ಗಿರಾಕಿಗಳು ಒಬ್ಬರ ಮೇಲೊಬ್ಬರು ಬೀಳುವಾಗ, ಡಿಸ್ಕೌಂಟಪ್ಪನವರು ಕೇರಂ ಬೋರ್ಡನ್ನು ನೆಲಕ್ಕೆ ಹಾಕಿಸುತ್ತಾರೆ. ಮೊದಲು ಕೆನ್ನೆಯನ್ನು ಬೋರ್ಡಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಪ್ಲೈವುಡ್ ಎಲ್ಲಿ ಬಾಗಿದೆ ಎಂದು ನೋಡುತ್ತಾರೆ. ಆಮೇಲೆ ಬೆರಳ ಗೆಣ್ಣಿನಿಂದ ನಡುವೆ ಒಮ್ಮೆ, ಮೂಲೆಗಳಲ್ಲಿ ಒಮ್ಮೊಮ್ಮೆ ಬಡಿದು ಸದ್ದು ಕೇಳುತ್ತಾರೆ. ಪೌಡರ್ ತರಿಸುತ್ತಾರೆ, ಅದು ಅಂಗಡಿಯವರ ಖರ್ಚು. ಸ್ಟ್ರೈಕರ್ ಹೊಡೆದು ನಾಲ್ಕೂ ಕಡೆಯ ಪಟ್ಟಿಗೆ ತಾಗಿಸಿ, ಎಷ್ಟು ಸಲ ಪುಟಿದು ಬಂತೆಂದು ಎಣಿಸುತ್ತಾರೆ. ಜಾಳಿಗೆಯೊಳಗೆ ಬೆರಳು ಹಾಕಿ ಹೊಲಿಗೆ ಜಗ್ಗುತ್ತಾರೆ. ಒಂಬತ್ತು ಕರಿ, ಒಂಬತ್ತು ಬಿಳಿ, ಒಂದು ಕೆಂಪು, ಒಟ್ಟು 19 ಕಾಯಿ ಲೆಕ್ಕ ಹಾಕಿ, ಹಿಂದೆ ನಿಂತವರು ಕೆಮ್ಮಿದರೆ ಮತ್ತೆ ಮೊದಲಿನಿಂದ ಎಣಿಸುತ್ತಾರೆ. ಇಷ್ಟಾದ ಮೇಲೆ ಮಾತು ಶುರು. ‘ಸಾವುಕಾರ್ರೆ, ಮೂಲ್ಯಾಗ ಜಜ್ಜಿ ಹೋಗ್ಯದ ನೋಡ್ರಿ, ಆಖ್ರಿ ರೇಟು ಹೇಳ್ರಿ.’ ‘ಅಣ್ಣಾರ, ಜಜ್ಜಿದ್ದು ಡಬ್ಬಿ, ಬೋರ್ಡು ಜಜ್ಜಿಲ್ಲ.’ ‘ಡಬ್ಬಿ ಜಜ್ಜಿದ ಮ್ಯಾಲ ಮಾಲು ಜಜ್ಜಿಲ್ಲಂತ ಗ್ಯಾರಂಟಿ ಯಾರು ಕೊಡ್ತಾರ?’ ಇಲ್ಲಿಂದ ಮುಂದಿನ ಅರ್ಧ ತಾಸು ಆ ಅಂಗಡಿಯಲ್ಲಿ ಬೇರೆ ಯಾರಿಗೂ ಏನೂ ಸಿಗುವುದಿಲ್ಲ. ಇದನ್ನೆಲ್ಲ ಇಷ್ಟು ಬಾರೀಕಾಗಿ ಬಲ್ಲ ಈ ಲೇಖಕರಿಗೆ ಸೇಲಿನ ಹೊತ್ತಿನಲ್ಲಿ ಅಲ್ಲೇನು ಕೆಲಸವಿತ್ತು ಎಂದು ಓದುಗರು ಕೇಳಬಹುದು. ಆ ಪ್ರಶ್ನೆ ಸದ್ಯಕ್ಕೆ ಪಕ್ಕಕ್ಕಿರಲಿ.

ಇಷ್ಟೆಲ್ಲ ಮಾಡಿ ದುಡ್ಡು ಉಳಿಸುತ್ತಾರಲ್ಲ, ಅದು ಲಾಭವಲ್ಲವೇ ಎನ್ನುವವರುಂಟು. ಲೆಕ್ಕ ಬೇರೆಯೇ ಹೇಳುತ್ತದೆ. ‘50% ರಿಯಾಯಿತಿ, ಮೇಲೆ 20%’ ಎಂಬ ಬೋರ್ಡು ನೋಡಿ 70% ಕಡಿಮೆಯಾಯಿತು ಎಂದು ಹಿಗ್ಗುವವರು ಹೊಸಬರು. ಸಾವಿರ ರೂಪಾಯಿಯ ಮಾಲು ಮೊದಲು 500 ಆಗಿ, ಆಮೇಲೆ ಆ 500ರಲ್ಲಿ 100 ಹೋಗಿ 400ಕ್ಕೆ ನಿಲ್ಲುತ್ತದೆ, ಅಂದರೆ 60%. ಡಿಸ್ಕೌಂಟಪ್ಪನವರಿಗೆ ಇದು ಬಾಯಿಪಾಠ. 2025ರ ಸೆಪ್ಟೆಂಬರ್ 22ರಿಂದ ಕೇರಂ, ಚದುರಂಗ, ಲೂಡೊಗಳ ಜಿಎಸ್‌ಟಿ 12%ರಿಂದ 5%ಕ್ಕೆ ಇಳಿದದ್ದೂ ಗೊತ್ತು. ತೆರಿಗೆ ಸೇರಿ 1,120 ಇದ್ದದ್ದು 1,050 ಆಗಬೇಕು, ಎಪ್ಪತ್ತು ರೂಪಾಯಿ ಎಲ್ಲಿ ಹೋಯಿತು ಎಂದು ಹಳೇ ಸ್ಟಾಕಿನ ಡಬ್ಬಿ ಹಿಡಿದು ಕೇಳುವ ಧೈರ್ಯವೂ ಇದೆ. ಗೊತ್ತಿಲ್ಲದ್ದು, ಅಥವಾ ಗೊತ್ತಿದ್ದೂ ಲೆಕ್ಕಕ್ಕೆ ಹಿಡಿಯದ್ದು, ಊರಿನಿಂದ ರಾಯಚೂರಿಗೆ ಬಂದು ಹೋಗುವ ಬಸ್ ಚಾರ್ಜು, ನಡುವಿನ ಚಹಾ-ಮಿರ್ಚಿ, ಬೋರ್ಡಿಗೆಂದು ಹಿಡಿದ ಆಟೋ. ಆಡುವ ಮೈಯೇ 74 ಸೆಂಟಿಮೀಟರ್ ಚೌಕ ಇರುವ ದೊಡ್ಡ ಬೋರ್ಡನ್ನು ಚೌಕಟ್ಟು ಸಮೇತ ಬಸ್ಸಿನೊಳಗೆ ತೂರಿಸುವಾಗ ಕಂಡಕ್ಟರು ಆಡುವ ಮಾತಿಗೆ ಬೆಲೆ ಕಟ್ಟಿದರೆ ಉಳಿತಾಯ ಸೊನ್ನೆಗಿಂತ ಕೆಳಗಿಳಿಯುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಪುಕ್ಕಟೆ ಆದಾಗ ಈ ಲೆಕ್ಕ ಸುಧಾರಿಸುವ ದಾರಿಯೊಂದು ತೆರೆಯಿತು: ಹೆಂಡತಿಯನ್ನು ಕಳಿಸಿ ತರಿಸಬಹುದಿತ್ತು. ಕಳಿಸಲಿಲ್ಲ. ಕಳಿಸಿದರೆ ಆಕೆ ಹೋದವಳೇ ಹೇಳಿದ ರೇಟು ಕೊಟ್ಟು ತಾಸಿನೊಳಗೆ ಕೆಲಸ ಮುಗಿಸಿಕೊಂಡು ಬಂದುಬಿಡುತ್ತಾಳೆ. ದುಡ್ಡು ಉಳಿಸುವುದೇ ಗುರಿಯಾಗಿದ್ದ ಮನುಷ್ಯ ಇಂಥ ಅವಕಾಶ ಬಿಡುತ್ತಿರಲಿಲ್ಲ.

ಇದಕ್ಕಿಂತ ಗಟ್ಟಿ ಸಾಕ್ಷಿ ಚದುರಂಗದ್ದು. 2024ರ ಡಿಸೆಂಬರಿನಲ್ಲಿ ಹದಿನೆಂಟು ವರ್ಷದ ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮವರ ಕಣ್ಣು ಚೆಸ್ ಡಬ್ಬಿಗಳ ಮೇಲೂ ಬಿತ್ತು. ಸೇಲಿನ ಬುಟ್ಟಿಯ ತಳದಲ್ಲಿ ಒಂದು ಕರಿ ಕುದುರೆ ಕಳೆದುಹೋದ ಸೆಟ್ಟು ಸಿಗುತ್ತದೆ. 32 ಇರಬೇಕಾದಲ್ಲಿ 31. ಬೇರೆಯವರು ಕೆಳಗಿಟ್ಟು ಹೋಗುವ ಈ ಮಾಲನ್ನು ಡಿಸ್ಕೌಂಟಪ್ಪನವರು ಅರ್ಧ ಬೆಲೆಗೆ ಎತ್ತುತ್ತಾರೆ. ಮುಂದಿನ ಸೇಲಿನಲ್ಲಿ, ಬಿಳಿ ಆನೆ ಇಲ್ಲದ, ಕರಿ ಕುದುರೆ ಎರಡೂ ಇರುವ ಇನ್ನೊಂದು ಸೆಟ್ಟಿಗೆ ಕಾಯುತ್ತಾರೆ. ಸಿಕ್ಕಿದ ದಿನ ಅವರ ಮುಖದ ಕಳೆ ನೋಡಬೇಕು! ಅರ್ಧ ಬೆಲೆಯ ಎರಡು ಸೆಟ್ಟು ಸೇರಿದರೆ ಒಂದು ಪೂರಾ ಬೆಲೆಯೇ ಆಯಿತು ಎಂದು ಯಾರಾದರೂ ಹೇಳಿದರೆ, ‘ಕಾಯಿ ಎಷ್ಟು ಹೆಚ್ಚಿಗೆ ಉಳಿದ್ವು, ಅದನ್ನ ನೋಡ್ರಿ’ ಎನ್ನುತ್ತಾರೆ. ಆ ಹೆಚ್ಚಿನ ಕಾಯಿಗಳಿಂದ ಯಾವ ಆಟ ಆಡಬಹುದು ಎಂಬ ಪ್ರಶ್ನೆಗೆ ಅವರ ಹತ್ತಿರ ಉತ್ತರವಿಲ್ಲ. ಆನ್‌ಲೈನಿನಲ್ಲಿ ಇದಕ್ಕೂ ಕಡಿಮೆಗೆ ಸಿಗುತ್ತದಲ್ಲ ಎಂಬ ಮಾತೂ ಅವರಿಗೆ ತಾಗುವುದಿಲ್ಲ. ಅಲ್ಲಿಯ ರೇಟು ಅವರ ಮೊಬೈಲಿನಲ್ಲಿ ಸದಾ ತೆರೆದೇ ಇರುತ್ತದೆ, ಸಾವುಕಾರರ ಮುಖಕ್ಕೆ ಹಿಡಿಯಲು. ಅಲ್ಲಿ ಕೊಳ್ಳುವುದಿಲ್ಲ, ಏಕೆಂದರೆ ಆ ಪರದೆ ‘ಇಲ್ಲಣ್ಣಾರ, ನನಗ ಬೀಳೂದಿಲ್ಲ’ ಎಂದು ಕೈ ಮುಗಿಯುವುದಿಲ್ಲ, ‘ಆಯ್ತು, ತೊಗೊಳ್ರಿ, ನಿಮ್ಮ ಮಾತೇ ಆಗ್ಲಿ’ ಎಂದು ಸೋಲುವುದೂ ಇಲ್ಲ.

ಕೆಲವರು ಇವರನ್ನು ಸಂಗ್ರಾಹಕರ ಸಾಲಿಗೆ ಸೇರಿಸಿ ಮರ್ಯಾದೆ ಕೊಡಲು ನೋಡುತ್ತಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಹಲಗೆಯಾಟಗಳ ಹುಚ್ಚಿತ್ತಲ್ಲ ಎನ್ನುತ್ತಾರೆ. ಇತ್ತು, ಆದರೆ ದೊರೆ ಹೊಸ ಹೊಸ ಆಟಗಳನ್ನು ತಾವೇ ಕಟ್ಟಿದರು. ಅದೇ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಮರೆತುಹೋದ ಪಗಡೆ, ಅಳಗುಳಿಮನೆಗಳನ್ನು ಮತ್ತೆ ಮಾಡಿಸಿ, ಪ್ರದರ್ಶನ ಏರ್ಪಡಿಸಿ ಜನರ ಕೈಗೆ ಕೊಟ್ಟಿತು. ಸಂಗ್ರಹ ಎನ್ನುವುದು ಆಟವನ್ನು ಉಳಿಸಲಿಕ್ಕೆ. ನಮ್ಮವರ ಅಟ್ಟದ ಮೇಲೆ ಉಳಿದಿರುವುದು ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಮಾತ್ರ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ರಜೆಗೆ ಬರುವಾಗ 1995ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಕ್ಯಾಟಾನ್ ಎಂಬ ಆಟ ತಂದು, ಕುರಿ ಕೊಟ್ಟು ಇಟ್ಟಿಗೆ ಕೊಳ್ಳುವ ಬಗೆಯನ್ನು ವಿವರಿಸಿದರೆ, ಅಪ್ಪ ಎಲ್ಲವನ್ನೂ ಕೇಳಿ ‘ಇದಕ್ಕೆಷ್ಟು ಕೊಟ್ಟಿ?’ ಎನ್ನುತ್ತಾರೆ. ಬೆಲೆ ಕೇಳಿದ ಮೇಲೆ ಎದ್ದು ಒಳಗೆ ಹೋಗಿ ನೀರು ಕುಡಿಯುತ್ತಾರೆ. ಕೊಡು-ಕೊಳ್ಳುವಿಕೆಯೇ ಜೀವಾಳವಾದ ಆ ಆಟದಲ್ಲಿ ಇವರನ್ನು ಸೋಲಿಸಬಲ್ಲವರು ಕಲ್ಯಾಣ ಕರ್ನಾಟಕದಲ್ಲೇ ಇರಲಿಕ್ಕಿಲ್ಲ. ಆದರೆ ಮೂವರಾದರೂ ಕೂತರೆ ತಾನೇ ಆಟ? ಮಗನ ರಜೆ ಎರಡು ದಿನದ್ದು, ಮಗಳು ಹೈದರಾಬಾದಿನಲ್ಲಿ.

ಅಂದರೆ ಇವರಿಗೆ ಬೇಕಾದದ್ದು ಡಬ್ಬಿಯಲ್ಲ, ಎದುರಾಳಿ. ಈ ಆಸೆ ಇವರಿಗೆ ಎಲ್ಲಿಂದ ಬಂತು? ರಾಯಚೂರಿನ ಬಿಸಿಲು ಬಲ್ಲವರಿಗೆ ಇದು ಹೊಳೆಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಪಾರಾ ನಲವತ್ತು ಡಿಗ್ರಿ ದಾಟಿ ನಿಂತಾಗ ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಒಳಗಿನ ಬಂಡೆಯ ಮೇಲೆ ನೀರು ಚಿಮುಕಿಸಿ, ಬಾಗಿಲಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟು, ಕಾಕಾ, ಮಾವ, ಓಣಿಯ ಹುಡುಗರೆಲ್ಲ ಒಂದೇ ಕಡೆ ಆಟಕ್ಕೆ ಕೂಡುತ್ತಿದ್ದ ಕಾಲವೊಂದಿತ್ತು. ಸಂಜೆ ಐದರವರೆಗೆ ಯಾರಿಗೂ ಎದ್ದು ಹೋಗಲು ಜಾಗವಿರಲಿಲ್ಲ, ಅದಕ್ಕೇ ಆಟ ಮುಗಿಯುತ್ತಿರಲಿಲ್ಲ. ಈಗ ಫ್ಯಾನು, ಕೂಲರ್ ಬಂದಿವೆ, ಅದು ಒಳ್ಳೆಯದೇ. ಒಬ್ಬೊಬ್ಬರಿಗೊಂದು ಕೋಣೆಯೂ ಒಂದು ಮೊಬೈಲೂ ಬಂದಿವೆ. 2020ರ ಲಾಕ್‌ಡೌನಿನಲ್ಲಿ ಜನ ಮತ್ತೆ ಲೂಡೊ ಆಡಿದ್ದು ನಿಜ, ಆದರೆ ಬಹಳ ಮಂದಿ ಆಡಿದ್ದು ಲೂಡೊ ಕಿಂಗ್ ಎಂಬ ಆ್ಯಪಿನಲ್ಲಿ. ಅದರಲ್ಲಿ ದಾಳ ತಾನಾಗಿ ಉರುಳುತ್ತದೆ, ಕಾಯಿ ತಾನಾಗಿ ನಡೆಯುತ್ತದೆ, ಸುಳ್ಳೆಣಿಕೆ ಮಾಡಿ ಒಂದು ಮನೆ ಮುಂದೆ ಹಾರಿ ಸಿಕ್ಕಿಬಿದ್ದು ಜಗಳವಾಡುವ ಸುಖವಿಲ್ಲ. ಆ ಜಗಳಕ್ಕೆ ಈಗ ಉಳಿದಿರುವ ಜಾಗ ಅಂಗಡಿ. ಎಣಿಸುವುದು, ತಪ್ಪು ಹಿಡಿಯುವುದು, ಹಟ ಹಿಡಿಯುವುದು, ಹೋಗುವಂತೆ ನಟಿಸಿ ಬಾಗಿಲಿನಿಂದ ತಿರುಗಿ ಬರುವುದು, ಕೊನೆಗೆ ಇಬ್ಬರೂ ನಕ್ಕು ರಾಜಿಯಾಗುವುದು, ಎಲ್ಲವೂ ಅಲ್ಲಿದೆ. ಸೇಲು ಎಂಬುದು ಡಿಸ್ಕೌಂಟಪ್ಪನವರಿಗೆ ವರ್ಷಕ್ಕೆ ಕೆಲವೇ ಸಲ ಸಿಗುವ ಬೇಸಿಗೆ ರಜೆ.

ಎದುರಾಳಿ ಬೇಕಿದ್ದರೆ ಓಣಿಯವರನ್ನು ಕರೆಯಬಹುದಲ್ಲ, ಸಾವುಕಾರರ ತಲೆ ಏಕೆ ತಿನ್ನಬೇಕು ಎಂಬುದು ಕೊನೆಯ ಆಕ್ಷೇಪ. ಸರತಿಯಲ್ಲಿ ಅರ್ಧ ತಾಸು ನಿಂತವರ ಬಾಯಲ್ಲಿ ಇದು ಜೋರಾಗಿಯೇ ಬರುತ್ತದೆ. ಆಕ್ಷೇಪ ನ್ಯಾಯವಾದದ್ದು. ಆದರೆ ಕರೆಯುವುದಕ್ಕೂ ಬಿಗುಮಾನ ಅಡ್ಡ ಬರುತ್ತದೆ. ಅರವತ್ತರ ಹತ್ತಿರದ ಗಂಡಸು ನೆರೆಮನೆಯ ಬಾಗಿಲು ಬಡಿದು ‘ಕೇರಂ ಆಡೋಣ ಬರ್ರಿ’ ಎಂದರೆ ಏನಂದುಕೊಂಡಾರು? ಅದೇ ಮನುಷ್ಯ ‘ಸಾವಿರದ ಮಾಲು ನಾನೂರಕ್ಕ ತಂದೀನಿ, ನೋಡ್ ಬರ್ರಿ’ ಎಂದರೆ ಯಾರೂ ನಗುವುದಿಲ್ಲ. ಸೇಲಿನಿಂದ ಬಂದ ದಿನ ಇವರು ಮನೆ ಮನೆಗೆ ಹೋಗಿ ರೇಟು ಹೇಳಿಕೊಂಡು ತಿರುಗುವುದು ಬಡಾಯಿಯೆಂದು ಕಾಣುತ್ತದೆ, ಅದು ಆಮಂತ್ರಣ. ನಾವು ‘ಭಾರೀ ಸಸ್ತಾ ಬಿತ್ತು ಬಿಡ್ರಿ’ ಎಂದು ಬೆನ್ನು ತಟ್ಟಿ ಕಳಿಸುತ್ತೇವೆ, ಡಬ್ಬಿ ಅಟ್ಟ ಸೇರುತ್ತದೆ. ಆದ್ದರಿಂದ ನಿಮ್ಮ ಓಣಿಯ ಡಿಸ್ಕೌಂಟಪ್ಪನವರು ಈ ಸಲ ಬಂದಾಗ ಪೌಡರ್ ತಂದಿದ್ದೀರಾ ಎಂದು ಕೇಳಿ ಕೂತುಬಿಡಿ. ಕೇರಂಗೆ ನಾಲ್ವರೇ ಬೇಕೆಂದಿಲ್ಲ, ಇಬ್ಬರಿದ್ದರೂ ನಡೆಯುತ್ತದೆ. ಎಷ್ಟಕ್ಕೆ ಬಿತ್ತು ಎಂದು ಮಾತ್ರ ಕೇಳಬೇಡಿ. ಕೇಳಿದಿರೋ, ಕತ್ತಲಾದರೂ ಮೊದಲ ಸ್ಟ್ರೈಕ್ ಬೀಳುವುದಿಲ್ಲ.