ಸ್ಕ್ರೂ ಮುಟ್ಟಬೇಡಿ ಗೌಡ್ರೇ

ಬೇಡ ಗೌಡ್ರೇ, ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಮುಟ್ಟಬೇಡಿ. ಹಳೇ ಪಿಕಪ್ಪು ನೆಟ್ಟಗಿರೋ ರೋಡಲ್ಲೂ ಅತ್ಲಾಗಿತ್ಲಾಗೆ ಹೋಗ್ತಿದೆ ಅಂದ್ರೆ ಸಾಕು, ಎಲ್ಲರ ಕೈ ಮೊದಲು ಹೋಗೋದೇ ಅಲ್ಲಿಗೆ. ಲಾಕ್ ನಟ್ ಬಿಚ್ಚು, ಅರ್ಧ ಸುತ್ತು ಬಿಗಿ ಮಾಡು, ಆಯ್ತು. ಕಾಸೂ ಖರ್ಚಿಲ್ಲ. ಆಮೇಲೆ ಶಿರಾಡಿ ಘಾಟಿಯ ತಿರುವಲ್ಲಿ ಸ್ಟೇರಿಂಗ್ ವಾಪಸ್ ಬರದೆ ಹಾಗೇ ನಿಂತಾಗ ಗೊತ್ತಾಗುತ್ತೆ.

ಯಾಕೆ ಅಂತೀರಾ? ಗಾಡಿ ಹೆಚ್ಚು ಹೊತ್ತು ಓಡೋದು ನೆಟ್ಟಗೆ ತಾನೇ? ಹಾಗಾಗಿ ಬಾಕ್ಸಿನೊಳಗೆ ಜಾಸ್ತಿ ಸವೆಯೋದು ನಡುಭಾಗ. ಎರಡು ತುದೀನೂ ಇನ್ನೂ ಗಟ್ಟಿ. ನಡುವಿನ ಪ್ಲೇ, ಅಂದ್ರೆ ಸಡಿಲು, ಪೂರ್ತಿ ಹೋಗ್ಲಿ ಅಂತ ಬಿಗಿ ಮಾಡಿದ್ರೆ ತಿರುಗಿಸುವಾಗ ಹಿಡ್ಕೊಳ್ಳುತ್ತೆ. ಪ್ರತಿ ಸಲ ನೀವೇ ಎಳೆದು ನೆಟ್ಟಗೆ ಮಾಡ್ಬೇಕು. ಗಾಡಿ ಮೊದಲಿಗಿಂತ ಜಾಸ್ತಿ ತೂರಾಡುತ್ತೆ.

ಮಗ ಮನೇಲಿದಾನಾ? ಒಳ್ಳೇದಾಯ್ತು. ಅವನನ್ನ ಸೀಟಲ್ಲಿ ಕೂರಿಸಿ. ಎಂಜಿನ್ ಆಫ್ ಇರ್ಲಿ, ಪವರ್ ಸ್ಟೇರಿಂಗ್ ಇಲ್ಲದ ಗಾಡಿ ತಾನೇ ನಿಮ್ದು. ಚಕ್ರ ಅಲ್ಲಾಡದ ಹಾಗೆ ಬರೀ ಸ್ಟೇರಿಂಗನ್ನ ಅತ್ತ ಇತ್ತ ಆಡಿಸ್ತಿರ್ಲಿ. ನೀವು ಗೋಣಿತಾಟು ಹಾಸ್ಕೊಂಡು ಕೆಳಗೆ ಮಲಗಿ, ಒಂದೊಂದೇ ಜಾಯಿಂಟ್ ಮೇಲೆ ಕೈಯಿಡಿ. ಡ್ರ್ಯಾಗ್ ಲಿಂಕು, ಟೈ ರಾಡ್ ಎಂಡು, ಬಾಕ್ಸಿಗೆ ಹೋಗೋ ಶಾಫ್ಟಿನ ಜಾಯಿಂಟು. ಒಂದು ಕಡೆ ಅಲ್ಲಾಡಿ ಇನ್ನೊಂದು ಕಡೆ ಸುಮ್ನಿದ್ರೆ ಕಳ್ಳ ಅಲ್ಲೇ ಇದಾನೆ. ಬಾಕ್ಸನ್ನ ಚಾಸಿಗೆ ಕೂರಿಸಿರೋ ಬೋಲ್ಟುಗಳನ್ನೂ ನೋಡಿ. ಬಾಕ್ಸೇ ಅಲ್ಲಾಡ್ತಿದ್ರೆ ಅದರೊಳಗೆ ಏನು ಸರಿ ಮಾಡಿ ಏನು ಬಂತು? ಒಬ್ಬನೇ ಕಳ್ಳ ಸಿಗ್ತಾನೆ ಅಂತಲ್ಲ ಗೌಡ್ರೇ. ಎಲ್ಲಾ ಜಾಯಿಂಟೂ ಕೂದಲೆಳೆಯಷ್ಟು ಸವೆದಿರುತ್ತೆ. ಎಲ್ಲಾ ಕೂಡಿ ಸ್ಟೇರಿಂಗ್ ಹತ್ರ ನಾಲ್ಕು ಬೆರಳಾಗಿರುತ್ತೆ.

ಆಮೇಲೆ ಮುಂದಿನ ಚಕ್ರ ಎತ್ತಿ. ಜಾಕ್ ಒಂದನ್ನೇ ನಂಬಬೇಡಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಟೈರನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಡುತ್ತಾ? ಮಗನಿಗೆ ಬ್ರೇಕ್ ಒತ್ತೋಕೆ ಹೇಳಿ. ಆಟ ನಿಂತ್ರೆ ವೀಲ್ ಬೇರಿಂಗು, ನಿಲ್ಲದಿದ್ರೆ ಕಿಂಗ್ ಪಿನ್ನು. ದುಡ್ಡು ಕೊಡದೆ ಸಿಗೋ ಪರೀಕ್ಷೆ ಇದು.

ಜಾಯಿಂಟೆಲ್ಲ ಗಟ್ಟಿಯಿದ್ದೂ ಗಾಡಿ ತೂರಾಡ್ತಿದ್ರೆ? ಕಿಂಗ್ ಪಿನ್ನಿನ ತಲೆ ಮಾಮೂಲಾಗೇ ಒಂಚೂರು ಹಿಂದಕ್ಕೆ ವಾಲಿರುತ್ತೆ. ತಿರುಗಿದ ಚಕ್ರ ತಾನಾಗಿ ನೆಟ್ಟಗಾಗೋದು ಮುಖ್ಯವಾಗಿ ಆ ವಾಲಿಕೆಯಿಂದ. ಮುಂದಿನ ಸ್ಪ್ರಿಂಗ್ ಪ್ಲೇಟು ಕುಸಿದು, ಬುಷ್ ಸವೆದ್ರೆ ಆ ವಾಲಿಕೆ ಕಮ್ಮಿಯಾಗಿ ಗಾಡಿ ತೂರಾಡುತ್ತೆ. ಇನ್ನು ನಿಮ್ಮ ಟೊಮೇಟೊ ಕ್ರೇಟು! ಹಿಂದಿನ ಬಾಗಿಲಿನ ತನಕ ಒಟ್ಟಿದ್ರೆ ಮೂತಿ ಮೇಲೆದ್ದು ಮುಂದಿನ ಚಕ್ರದ ಮೇಲೆ ಭಾರವೇ ಇರಲ್ಲ. ಅದಕ್ಕೆ ಯಾವ ಮೆಕ್ಯಾನಿಕ್ಕೂ ಸ್ಪ್ಯಾನರ್ ಹಾಕೋಕಾಗಲ್ಲ. ಟೈರಿನ ಗಾಳೀನ ಮಾತ್ರ ಎಲ್ಲಕ್ಕೂ ಮೊದಲು ನೋಡ್ಬಿಡಿ.

ಇಷ್ಟೆಲ್ಲ ಆದಮೇಲೂ ಪ್ಲೇ ಉಳಿದಿದ್ರೆ ಆ ಸ್ಕ್ರೂಗೆ ಬನ್ನಿ. ಚಕ್ರ ನೆಟ್ಟಗಿಟ್ಟು, ಚೂರೇ ಚೂರು ತಿರುಗಿಸಿ, ಎರಡು ಕಡೆಗೂ ಸಲೀಸಾಗಿ ಹೋಗುತ್ತಾ ನೋಡಿ. ಟೈ ರಾಡ್ ಎಂಡ್ ಬದಲಾಯಿಸಿದ್ರೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲಾಂದ್ರೆ ಹೊಸ ಟೈರು ಒಂದು ಕಡೆ ತಿಂದ್ಕೊಂಡು ಹೋಗುತ್ತೆ.

ಇನ್ನೊಂದು ಮಾತು. ಜಾಯಿಂಟ್ ನಟ್ಟಿಗೆ ಸ್ಪ್ಲಿಟ್ ಪಿನ್ ಹೊಸದೇ ಹಾಕಿಸಿ. ಹಳೇದನ್ನ ಸುತ್ತಿಗೇಲಿ ನೆಟ್ಟಗೆ ಮಾಡಿ ಮತ್ತೆ ತೂರಿಸ್ತಾರೆ, ಬಿಡಬೇಡಿ. ಆ ನಟ್ಟು ಕಳಚಿಕೊಂಡ್ರೆ ಸ್ಟೇರಿಂಗ್ ನಿಮ್ಮ ಕೈಲಿರುತ್ತೆ, ಚಕ್ರ ಇರಲ್ಲ.