ಚಪ್ಪಲಿ ಎತ್ತುವ ಮುನ್ನ

ಹುಳ ಗುರುತಿಸುವ ಹವ್ಯಾಸ ಇದೆ ಎಂದರೆ ನಮ್ಮ ಜನ ಕೇಳುವುದು ಎರಡೇ ಪ್ರಶ್ನೆ: ಕಚ್ಚುತ್ತಾ? ಇದರಿಂದ ಏನು ಪ್ರಯೋಜನ? ಮೊದಲನೆಯದಕ್ಕೆ ‘ಇಲ್ಲ’ ಎಂದ ಕೂಡಲೇ ಹುಳದ ಮೇಲಿನ ಆಸಕ್ತಿ ಹೋಗುತ್ತದೆ. ಎರಡನೆಯದಕ್ಕೆ ‘ಏನೂ ಇಲ್ಲ’ ಎಂದ ಕೂಡಲೇ ನನ್ನ ಮೇಲಿನದೂ ಹೋಗುತ್ತದೆ.

ಹಕ್ಕಿ ನೋಡುವವರಿಗೆ ಈ ಕಷ್ಟವಿಲ್ಲ. ಕೊರಳಿಗೆ ಬೈನಾಕ್ಯುಲರ್ ತೂಗುಹಾಕಿಕೊಂಡವನಿಗೆ ಒಂದು ಮರ್ಯಾದೆಯಿದೆ. ಬಚ್ಚಲುಮನೆಯ ಗೋಡೆಗೆ ಮೂಗು ತಾಗಿಸಿ, ಭೂತಗನ್ನಡಿ ಹಿಡಿದು ನಿಂತವನಿಗೆ ಎಲ್ಲಿಯದು ಮರ್ಯಾದೆ? ಆದರೆ ಆ ಗೋಡೆ ನೋಡುವಂಥದ್ದೇ. ಮೋರಿಯ ಪಕ್ಕ ಹೃದಯದಾಕಾರದಲ್ಲಿ ರೆಕ್ಕೆ ಹರಡಿ ಕೂತ ಬೂದು ಬಣ್ಣದ ಪುಟಾಣಿಯನ್ನು ಎಲ್ಲರೂ ಪತಂಗ ಅಂದುಕೊಳ್ಳುತ್ತಾರೆ. ಅದು ನೊಣ, ಸೈಕೋಡಿಡೇ ಕುಟುಂಬದ್ದು. ಚೊಂಬಿನಿಂದ ನೀರು ಎರಚಿ ನೋಡಿ; ಮೈತುಂಬ ರೋಮ, ಸುಲಭಕ್ಕೆ ನೆನೆಯುವುದಿಲ್ಲ.

ನೊಣ ಎಂದು ಹೇಳಲು ರೆಕ್ಕೆ ಎಣಿಸಿದರಾಯಿತು. ಎರಡೇ ಇರುತ್ತವೆ. ಹಿಂದಿನ ಜೋಡಿ ಇರಬೇಕಾದಲ್ಲಿ ಗುಂಡುಸೂಜಿಯಂಥ ಎರಡು ಮೊಟಕು ಕಡ್ಡಿಗಳು, ಹಾರುವಾಗ ತೂಕ ತಪ್ಪದಿರಲು. ಈ ಲೆಕ್ಕಕ್ಕೆ ಸೊಳ್ಳೆಯೂ ಅದೇ ಗಣದ್ದು. ದುಂಬಿಗಳಲ್ಲಿ ಮುಂದಿನ ರೆಕ್ಕೆಗಳು ಗಟ್ಟಿ ಕವಚವಾಗಿ ಬೆನ್ನಿನ ನಡುಗೆರೆಯಲ್ಲಿ ಕೂಡುತ್ತವೆ. ಸಗಣಿಹುಳ ದುಂಬಿ, ಮಿಂಚುಹುಳವೂ ದುಂಬಿಯೇ.

ಪಕ್ಕದ ಮನೆಯವರು ಒಮ್ಮೆ, ಕಾಂಪೋಸ್ಟ್ ಡಬ್ಬದ ಮೇಲೆ ಕಣಜ ಕೂತಿದೆ ಎಂದು ಕೂಗಿದರು. ಕಪ್ಪು ಮೈ, ಉದ್ದ ಮೀಸೆ, ಕಣಜದ್ದೇ ಗತ್ತು. ರೆಕ್ಕೆ ಮಾತ್ರ ಎರಡು! ಬ್ಲ್ಯಾಕ್ ಸೋಲ್ಜರ್ ಫ್ಲೈ. ಚುಚ್ಚಲು ಮುಳ್ಳೇ ಇಲ್ಲ. “ಹೊಟ್ಟೆಯ ಬುಡದಲ್ಲಿ ಗಾಜಿನ ಕಿಟಕಿ ಥರ ಎರಡು ಕಲೆ ಇದೆ ನೋಡಿ ಆಂಟಿ” ಎಂದೆ. ಆಂಟಿ ಮನೆಯ ಕಿಟಕಿ ಮುಚ್ಚಿಕೊಂಡರು.

ದುಂಬಿ ನೋಡಲು ಪಶ್ಚಿಮ ಘಟ್ಟಕ್ಕೇ ಹೋಗಬೇಕಿಲ್ಲ, ಹೆಸರುಕಾಳಿನ ಡಬ್ಬ ಸಾಕು. ಕಾಳಿನ ಸಿಪ್ಪೆಗೆ ಅಂಟಿದ ಬಿಳಿ ಚುಕ್ಕೆ ಮೊಟ್ಟೆ. ಮರಿ ಅಲ್ಲಿಂದಲೇ ಒಳಗೆ ಕೊರೆದು, ತಿಂದು ಬೆಳೆದು, ಕೊನೆಗೆ ದುಂಡಗೆ ತೂತು ಮಾಡಿಕೊಂಡು ಹೊರಬರುತ್ತದೆ. ಅಕ್ಕಿಯ ಹುಳಕ್ಕೆ ಉದ್ದ ಮೂತಿಯಿದೆ, ಇದಕ್ಕಿಲ್ಲ. ಇದನ್ನು ಮನೆಯವಳಿಗೆ ವಿವರಿಸಹೋದರೆ, “ರೀ, ಅದರ ಮೂತಿ ಆಮೇಲೆ ನೋಡೋರಂತೆ, ಮೊದಲು ಡಬ್ಬ ಬಿಸಿಲಿಗಿಡಿ” ಎಂದಳು.

ಹೆಸರಿಟ್ಟ ದುಂಬಿ ಪ್ರಭೇದಗಳೇ ಸುಮಾರು 4 ಲಕ್ಷ. ಎಷ್ಟೋ ಹುಳಗಳನ್ನು ಫೋಟೋ ನೋಡಿ ಹೇಳಲಾಗದು. ಗಂಡಿನ ಜನನಾಂಗ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. (ಊಟದ ಹೊತ್ತಿನಲ್ಲಿ ಈ ವಿಷಯ ಬೇಡ.) ಹಾಗಾಗಿ ನನ್ನಂಥವರು ಕುಟುಂಬದ ಹೆಸರಿಗೇ ತೃಪ್ತರು. ಹಾಗೆಂದು ಹವ್ಯಾಸಿಗಳನ್ನು ಹಗುರವಾಗಿ ಕಾಣಬೇಡಿ. ಭಾರತದ ನೊಣಗಳ ಬಗ್ಗೆ 1912, 1920, 1923ರಲ್ಲಿ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯ ಮೂರು ಸಂಪುಟ ಬರೆದ ಎನ್ರಿಕೊ ಬ್ರುನೆಟ್ಟಿ ವೃತ್ತಿಯಲ್ಲಿ ಸಂಗೀತಗಾರ. ಕಲ್ಕತ್ತೆಯಲ್ಲಿ ನೆಲೆಸಿ ನೊಣ ಹಿಡಿಯುತ್ತಿದ್ದರು. ಅವರ ನೆರೆಹೊರೆಯವರು ಏನೆಂದರೋ!

ಗೊತ್ತಿಲ್ಲದ ಹುಳ ಕಂಡರೆ ನಿಮ್ಮಲ್ಲಿ ಒಂದೇ ಕೋರಿಕೆ. ಚಪ್ಪಲಿ ಎತ್ತುವ ಮೊದಲು ಪಕ್ಕದಲ್ಲೊಂದು ರೂಪಾಯಿ ಬಿಲ್ಲೆ ಇಟ್ಟು, ಬೆನ್ನು, ಪಕ್ಕೆ, ಮುಖ ಮೂರೂ ಕಾಣುವಂತೆ ಫೋಟೋ ತೆಗೆಯಿರಿ. ಅಷ್ಟರಲ್ಲಿ ಅದು ಹಾರಿಹೋದರೆ ಹೋಗಲಿ ಬಿಡಿ.